ಕೈ ಸಡಿಲವಾಗುವ ಜಾಗ

ನನ್ನ ಹೆಂಡತಿ ಸತ್ತ ಮೇಲೂ ಅರ್ಧ ಗಂಟೆ ಹೆಲಿಕಾಪ್ಟರ್ ಹಾರಿಸಿದಳು. ಹೀಗೆಂದರೆ ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಧಾರವಾಡದ ಸುಭಾಸ ರಸ್ತೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಈಗಲೂ ದಿನಾ ಬಾಗಿಲು ತೆಗೆಯುತ್ತೇನೆ, ಗಿರಾಕಿಗಳ ಕಣ್ಣಿನ ನಂಬರನ್ನು ಸರಿಯಾಗಿಯೇ ಹೇಳುತ್ತೇನೆ.

ಅವಳ ಹೆಸರು ದಾಕ್ಷಾಯಣಿ. ಸೇನೆಯಲ್ಲಿ ಮೇಜರ್ ದಾಕ್ಷಾಯಣಿ ಬೆಟಗೇರಿ. ಉತ್ತರದ ಗಡಿಯಲ್ಲಿ ಆಗ ಯುದ್ಧದ ಮೂರನೆಯ ವರ್ಷ. ಹಿಮದ ನೆತ್ತಿಯ ಮೇಲಿರುವ ಠಾಣೆಗಳಿಂದ ಗಾಯಾಳುಗಳನ್ನು ಕೆಳಗಿನ ಆಸ್ಪತ್ರೆಗೆ ಇಳಿಸುವುದು ಅವಳ ಕೆಲಸ. ಅಲ್ಲಿ ಗಾಳಿ ಎಷ್ಟು ತೆಳುವೆಂದರೆ ಹೆಲಿಕಾಪ್ಟರಿನ ರೆಕ್ಕೆಗೆ ಹಿಡಿತವೇ ಸಿಗುವುದಿಲ್ಲ. ಅದಕ್ಕೆ ಪೈಲಟ್‌ಗಳು ಬಾಗಿಲು ಕಳಚಿಡುತ್ತಿದ್ದರು, ಹಿಂದಿನ ಸೀಟು ಕಿತ್ತಿಡುತ್ತಿದ್ದರು, ಹೋಗಿಬರಲು ಬೇಕಾದಷ್ಟೇ ಇಂಧನ ತುಂಬುತ್ತಿದ್ದರು. ದಾಕ್ಷಾಯಣಿ ಇನ್ನೂ ಒಂದು ಹೆಜ್ಜೆ ಮುಂದೆ. ಗಾಯಾಳುಗಳು ಹೆಚ್ಚಿದ್ದರೆ ಸಹಪೈಲಟ್‌ನನ್ನೂ ಇಳಿಸಿ ಒಬ್ಬಳೇ ಹೊರಟುಬಿಡುತ್ತಿದ್ದಳು. ಗಟ್ಟಿಮುಟ್ಟಾದವನೊಬ್ಬ ಇಳಿದರೆ ಗಾಯಗೊಂಡವನೊಬ್ಬ ಹತ್ತಬಹುದು, ಅವಳ ಲೆಕ್ಕ ಇಷ್ಟೇ. ಮೇಲಿನವರು ಬೈಯುತ್ತಿದ್ದರು, ಅವಳು ಕೇಳುತ್ತಿರಲಿಲ್ಲ. ನನ್ನ ಮಾತನ್ನೂ ಯಾವತ್ತು ಕೇಳಿದ್ದಳು ಬಿಡಿ.

ಹೀಗೆ ಒಂಟಿಯಾಗಿ ಹೋಗುವವರಿಗೆಂದೇ ಬೆಂಗಳೂರಿನ ಒಂದು ಪ್ರಯೋಗಾಲಯ ಕೈಗವಸೊಂದನ್ನು ತಯಾರಿಸಿತ್ತು. ಸರಕಾರಿ ಹೆಸರು ‘ಅನುಹಸ್ತ’. ಪೈಲಟ್‌ಗಳ ಬಾಯಲ್ಲಿ ‘ಜೋಡಿ’. ನೋಡಲು ಮಾಮೂಲಿ ಕೈಗವಸೇ. ಒಳಪದರದಲ್ಲಿ ಮಾತ್ರ ಕೂದಲಿಗಿಂತ ತೆಳುವಾದ ತಂತಿಗಳ ಹೆಣಿಗೆ. ಹಾಕಿಕೊಂಡವರ ಬೆರಳು ಯಾವ ಗಾಳಿಗೆ ಎಷ್ಟು ಬಿಗಿಯಿತು, ಯಾವ ಕಣಿವೆಯ ತಿರುವಿನಲ್ಲಿ ಎಷ್ಟು ಬಾಗಿತು ಎಂಬುದನ್ನೆಲ್ಲ ವರ್ಷಗಟ್ಟಲೆ ಕಲಿಯುತ್ತ ಹೋಗುವುದು. ಪೈಲಟ್‌ನ ನಾಡಿ ನಿಂತರೆ ಕೈಗವಸೇ ಕೈಯಾಗಿ ಹೆಲಿಕಾಪ್ಟರನ್ನು ವಾಪಸು ತರಬೇಕು. ಹೆಣವೂ ಮನೆ ಸೇರುತ್ತದೆ, ಯಂತ್ರವೂ ಉಳಿಯುತ್ತದೆ. ಸರಕಾರಕ್ಕೆ ಎರಡನೆಯದೇ ಮುಖ್ಯವಾಗಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಆ ದಿನ ಮೇಲಿನ ಠಾಣೆಯಲ್ಲಿ ಮೂವರು ಗಾಯಗೊಂಡಿದ್ದರು. ದಾಕ್ಷಾಯಣಿ ಒಬ್ಬಳೇ ಹೊರಟಳು. ಅರ್ಧ ದಾರಿಯಲ್ಲಿ, ಕಣಿವೆಯ ಬಾಯಲ್ಲಿ, ಗುಂಡು ಅವಳ ಕೊರಳಿಗೆ ತಾಗಿತು. ಕೈಗವಸು ಅವಳ ನಾಡಿ ನಿಂತದ್ದನ್ನು ಗುರುತಿಸಿತು, ಹೆಲಿಕಾಪ್ಟರನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆದರೆ ಹಿಂದಿರುಗಲಿಲ್ಲ. ಗುಂಡಿನ ಮಳೆಯ ನಡುವೆಯೇ ಮೇಲಕ್ಕೆ ಹೋಯಿತು. ಠಾಣೆಯ ಅಂಗೈಯಗಲದ ಜಾಗದಲ್ಲಿ ಇಳಿಯಿತು. ಮೂವರೂ ಹತ್ತುವವರೆಗೆ ಕಾಯಿತು. ಆಮೇಲೆ ಕೆಳಗಿಳಿದು ಆಸ್ಪತ್ರೆಯ ಅಂಗಳ ಸೇರಿತು.

ಆ ಮೂವರಲ್ಲಿ ಒಬ್ಬ, ನಿಪ್ಪಾಣಿ ಕಡೆಯ ಹವಾಲ್ದಾರ್ ತುಕಾರಾಮ, ಆಮೇಲೆ ಊರುಗೋಲು ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದ. ನನ್ನ ಮುಂದೆ ಕೂತು ಮಗುವಿನ ಹಾಗೆ ಅತ್ತ. “ದಾರಿ ತುಂಬ ಅವ್ರ ಜೋಡಿ ಮಾತಾಡ್ಕೋತ ಬಂದೆ ಸರ್. ಮೇಡಂ, ಭಾಳ ಛಂದ ಇಳಿಸಿದ್ರಿ, ನಿಮ್ಮ ಉಪಕಾರ ಮರಿಯಂಗಿಲ್ಲ ಅಂತಂದೆ. ಅವ್ರು ತಿರುಗಿ ನೋಡ್ಲಿಲ್ಲ. ದೊಡ್ಡ ಆಫೀಸರ್ ಅದಾರ, ಏನೋ ಸಿಟ್ಟಿನ್ಯಾಗ ಇರಬೇಕು ಅನ್ಕೊಂಡೆ.”

ಮರುದಿನ ಪತ್ರಿಕೆಗಳ ತುಂಬ ಕೈಗವಸಿನದೇ ಸುದ್ದಿ. ಸ್ವದೇಶಿ ಯಂತ್ರದ ಪರಾಕ್ರಮ, ಸಾವನ್ನೇ ಮೀರಿದ ತಂತ್ರಜ್ಞಾನ. ಮೊದಲ ಪುಟದಲ್ಲಿ ಕೈಗವಸಿನ ಬಣ್ಣದ ಚಿತ್ರ, ಒಳಪುಟದ ಮೂಲೆಯಲ್ಲಿ ಅವಳ ಗುರುತಿನ ಚೀಟಿಯ ಫೋಟೋ. ಶೌರ್ಯ ಪದಕದ ಸಮಿತಿಯಂತೂ ಇನ್ನೂ ನಯವಾಗಿ ಮಾತಾಡಿತು. ಮೇಜರ್ ಬೆಟಗೇರಿಯವರು ದಾರಿಯಲ್ಲೇ ಹುತಾತ್ಮರಾದರು, ಗಾಯಾಳುಗಳ ರಕ್ಷಣೆ ಅವರ ನಿಧನದ ನಂತರ ನಡೆದದ್ದು, ಆದ್ದರಿಂದ ಅದನ್ನು ಅವರ ಕಾರ್ಯವೆಂದು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಜೊತೆಗೇ ಇರುವ ಅತ್ತೆ ನೀಲಗಂಗವ್ವ, ದಾಕ್ಷಾಯಣಿಯ ತಾಯಿ, ಪತ್ರಿಕೆಯನ್ನು ಮಡಚಿ ಒಲೆಯ ಪಕ್ಕಕ್ಕೆ ಎಸೆದರು.

“ಅಲ್ರಿ ಅಳ್ಯಾರ, ಕೈಚೀಲದಂಥಾದ್ದು ಒಂದು ಅರಿಬಿ ಮೂರು ಮಂದೀನ ಉಳಿಸ್ತಂತ, ನನ್ನ ಮಗಳು ಸುಮ್ನ ಕುಂತಿದ್ಲಂತ. ಹೌದೇನ್ರಿ?”

“ಅಲ್ಲ ಅತ್ತಿ. ನಾ ಕೇಳ್ಕೊಂಡು ಬರ್ತೇನಿ.”

ಆರು ತಿಂಗಳು ಅರ್ಜಿ ಹಾಕಿದೆ, ಕಂಡವರ ಕಾಲು ಹಿಡಿದೆ. ಕೊನೆಗೆ ಪ್ರಯೋಗಾಲಯದ ಬಾಗಿಲು ತೆರೆಯಿತು.

ಕೈಗವಸನ್ನು ರೂಪಿಸಿದವರು ಡಾ. ಇಂದುಮತಿ ಎಂಬ ಮೈಸೂರಿನ ಹೆಂಗಸು. ದೊಡ್ಡ ವಿಜ್ಞಾನಿಯ ಗತ್ತು ಏನೂ ಇಲ್ಲ. ನನ್ನನ್ನು ಕೂರಿಸಿ, ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ದಾಕ್ಷಾಯಣಿಯ ಹಿಡಿತದ ಗೆರೆ ಅದು. ಕೈ ಬಿಗಿದಾಗ ಏರುತ್ತದೆ, ಸಡಿಲಿಸಿದಾಗ ಇಳಿಯುತ್ತದೆ.

“ಹೆಲಿಕಾಪ್ಟರ್ ಹೊರಡೋ ನೆಲೆ ಎಲ್ಲಿದೆ ಅನ್ನೋದನ್ನ ಯಂತ್ರದೊಳಗೆ ಬರೆದಿಡೋ ಹಾಗಿರಲಿಲ್ಲ ಸಾರ್. ಶತ್ರುಗಳ ಕೈಗೆ ಸಿಕ್ಕಿದ್ರೆ ನೆಲೆಯ ಗುಟ್ಟೇ ಹೋಗುತ್ತೆ. ಉಪಗ್ರಹದ ಸಂಕೇತಾನೂ ಅವರು ಕೆಡಿಸಿಬಿಡ್ತಾರೆ. ಅದಕ್ಕೇ ನಾವೊಂದು ಉಪಾಯ ಮಾಡಿದ್ವಿ. ‘ವಾಪಸು ಹೋಗು’ ಅಂದ್ರೆ, ಈ ಕೈ ಎಲ್ಲಿ ಸಡಿಲ ಆಗುತ್ತೋ ಅಲ್ಲಿಗೆ ಹೋಗು ಅಂತ. ಎಂಥಾ ಪೈಲಟ್ ಆದ್ರೂ ನೆಲೆಗೆ ಬಂದು ಇಳಿದ ತಕ್ಷಣ ಕೈ ಸಡಿಲ ಬಿಡ್ತಾನೆ. ಇಲ್ಲಿನ ಪರೀಕ್ಷಾ ಪೈಲಟ್‌ಗಳೆಲ್ಲ ಹಾಗೇ ಇದ್ರು. ಇನ್ನೊಂದು ಥರ ಇರಬಹುದು ಅಂತ ನಮಗೆ ಹೊಳೀಲೇ ಇಲ್ಲ.”

“ಇಕಿ ಹಂಗ ಇರಲಿಲ್ಲೇನ್ರಿ?”

ಅವರು ಗೆರೆಯ ಮೇಲೆ ಬೆರಳಿಟ್ಟರು. ಒಂದೊಂದು ಹಾರಾಟದಲ್ಲೂ ಗೆರೆ ಒಂದೇ ಕಡೆ ಕೆಳಗಿಳಿದಿತ್ತು. ಮೇಲಿನ ಠಾಣೆಯಲ್ಲಿ, ಗಾಯಾಳು ಹತ್ತಿ ಕೂತ ಗಳಿಗೆಯಲ್ಲಿ. “ಅವರ ಕೈಗೆ ಅದೇ ಮನೆ ಸಾರ್. ಯಂತ್ರ ಧೈರ್ಯ ಮಾಡಲಿಲ್ಲ. ಅದಕ್ಕೆ ಧೈರ್ಯ ಗೊತ್ತೇ ಇಲ್ಲ. ಅವರ ಕೈ ಹೇಳಿಕೊಟ್ಟ ಮನೆಗೆ ಹೋಯ್ತು, ಅಲ್ಲಿಂದ ಅವರು ದಿನಾ ಇಳೀತಿದ್ದ ದಾರೀಲೇ ಆಸ್ಪತ್ರೆಗೆ ಇಳೀತು. ಹೋಗಿದ್ದು ಅವರೇ.”

ಇಷ್ಟನ್ನೇ ಕೇಳಲು ನಾನು ಬಂದದ್ದು. ಅಷ್ಟಕ್ಕೇ ಎದ್ದು ಬರಬೇಕಿತ್ತು.

“ಕೆಳಗ ಇಳದ ಮ್ಯಾಲ ಹೆಂಗ ಇರ್ತಿತ್ರಿ?”

“ಬಿಗೀನೇ.”

“ರಜಾಕ್ಕಂತ ಧಾರವಾಡಕ್ಕ ಹೊರಡೂ ದಿನ? ಅವತ್ತಿನ ಹಾರಾಟದಾಗ?”

ಇಂದುಮತಿ ಪರದೆಯ ಮೇಲೆ ಬೇರೆ ಗೆರೆಗಳನ್ನು ತಂದು ನೋಡಿದರು. “ಆ ದಿನಗಳಲ್ಲಿ ಇನ್ನೂ ಬಿಗಿ ಸಾರ್.”

ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಮುಚ್ಚಿಡುವುದೇಕೆ? ಹೆಸರು ಗೊತ್ತಿಲ್ಲದ, ಮುಖ ನೋಡದ, ಕೈಕಾಲು ಕಳೆದುಕೊಂಡ ಹುಡುಗರ ಮೇಲೆ ಹೊಟ್ಟೆಕಿಚ್ಚು. ವರ್ಷಕ್ಕೆರಡು ಸಲ ರಜೆಗೆ ಬರುತ್ತಿದ್ದಳು. ಸ್ಟೇಷನ್ನಿಗೆ ಹೋಗಿ ಕರೆತರುತ್ತಿದ್ದೆ. ಅವಳಿಗೆ ಇಷ್ಟವೆಂದು ಲೈನ್ ಬಜಾರದಿಂದ ಪೇಢೆ ತಂದಿಡುತ್ತಿದ್ದೆ. ನಕ್ಕು ಮಾತಾಡುತ್ತಿದ್ದಳು, ಅಂಗಡಿಗೆ ಬಂದು ಗಿರಾಕಿಗಳ ಮೂಗಿಗೆ ಚೌಕಟ್ಟು ಏರಿಸಿ ತಮಾಷೆ ಮಾಡುತ್ತಿದ್ದಳು. ಸುಖವಾಗಿದ್ದಾಳೆ ಎಂದುಕೊಂಡಿದ್ದೆ.

“ಇದನ್ನ ವಿಚಾರಣೆಯಲ್ಲಿ ಹೇಳಿದ್ರೆ ಪದಕ ಸಿಗುತ್ತೆ,” ಎಂದರು ಇಂದುಮತಿ. “ಆದ್ರೆ ಇನ್ನೊಂದೂ ಗೊತ್ತಾಗುತ್ತೆ. ಆ ಧೈರ್ಯಾನ ನಕಲು ಮಾಡಬಹುದು ಅಂತ. ಯೋಚನೆ ಮಾಡಿ.”

ನಾನು ಯೋಚನೆ ಮಾಡಲಿಲ್ಲ. ಹೇಳಿ ಎಂದೆ. ವಿಚಾರಣೆ ನಡೆಯಿತು. ಆ ಕಾರ್ಯ ಮೇಜರ್ ದಾಕ್ಷಾಯಣಿಯವರದೇ ಎಂದು ತೀರ್ಮಾನವಾಯಿತು. ದೆಹಲಿಗೆ ಹೋಗಿ ಪದಕ ತಂದೆವು. ಅತ್ತೆ ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಎರಡು ತಿಂಗಳಿಗೆ ಕರ್ನಲ್ ಡಿಸಿಲ್ವ ಮನೆಗೆ ಬಂದರು. ಮಂಗಳೂರಿನವರು, ಮೃದು ಮಾತಿನ ಮನುಷ್ಯ. ಅತ್ತೆ ಕೊಟ್ಟ ಚಹಾ ಕುಡಿದು, ಪದಕಕ್ಕೆ ಸಲ್ಯೂಟ್ ಹೊಡೆದು ವಿಷಯಕ್ಕೆ ಬಂದರು.

“ನೋಡಿ ಬೆಟಗೇರಿಯವರೇ, ನಮ್ಮ ಹತ್ತಿರ ನಲವತ್ತು ಹೊಸ ಹೆಲಿಕಾಪ್ಟರ್ ಉಂಟು. ಒಳಗೆ ಮನುಷ್ಯರಿಲ್ಲದವು. ಅವುಗಳಿಗೆ ಮೇಡಂ ಅವರ ಕೈಯನ್ನು ಹಾಕುವುದು ಅಂತ. ಪ್ರತಿ ಸೈನಿಕನ ಮುಂಗೈಗೆ ನಾವು ಒಂದು ಪಟ್ಟಿ ಕಟ್ಟುತ್ತೇವೆ. ಅವನಿಗೆ ಗಾಯವಾದರೆ ಅವನ ನಾಡಿ ಬಡಿತ ರೇಡಿಯೋದಲ್ಲಿ ಬರುತ್ತದೆ. ಬಡಿತ ಕೇಳಿದ ಕೂಡಲೇ ಮೇಡಂ ಅವರ ಕೈ ಹೊರಡುತ್ತದೆ. ಕೈ ಅವರದೇ ಎಂದು ತೀರ್ಮಾನವಾಗಿದೆಯಲ್ಲ, ಹಾಗಾಗಿ ವಾರಸುದಾರರು ನೀವು. ನಿಮ್ಮದೊಂದು ಸಹಿ ಬೇಕು.”

ಒಳಗಿದ್ದ ಅತ್ತೆ ಬಾಗಿಲಿಗೆ ಬಂದರು. “ಜೀವ ಇದ್ದಾಗ ಒಬ್ಬಾಕಿನ ಹೋಗ್ತಿದ್ಲು. ಈಗ ನಲವತ್ತು ಮಂದಿ ಆಗಿ ಹೋಗ್ತಾಳೇನ್ರಿ?”

“ಹೌದಮ್ಮ. ಎಷ್ಟು ಮಕ್ಕಳು ಬದುಕುತ್ತಾರೆ ಯೋಚಿಸಿ.”

ಸಹಿ ಮಾಡಿದೆ. ಸುಳ್ಳು ಹೇಳುವುದಿಲ್ಲ, ಹೆಮ್ಮೆಯಿಂದ ಎದೆಯುಬ್ಬಿಸಿಕೊಂಡೇ ಮಾಡಿದೆ.

ಮೊದಲ ಚಳಿಗಾಲ ಅಂದುಕೊಂಡ ಹಾಗೆಯೇ ನಡೆಯಿತು. ಎಲ್ಲೆಲ್ಲಿಂದಲೋ ಫೋನು ಬರುತ್ತಿತ್ತು. ಬಿಹಾರದ ಒಬ್ಬ ತಾಯಿ ಭಾಷೆ ಬರದಿದ್ದರೂ ಅತ್ತೆಯ ಜೊತೆ ಕಾಲು ಗಂಟೆ ಮಾತಾಡಿದಳು, ಇಬ್ಬರೂ ಅತ್ತರು. ಸಂಜೆಯ ಸುದ್ದಿಯಲ್ಲಿ ದಾಕ್ಷಾಯಣಿ ಯಂತ್ರಗಳು ಇಂದು ಇಷ್ಟು ಜನರನ್ನು ಇಳಿಸಿದವು ಎಂದು ಹೇಳುತ್ತಿದ್ದರು. ಯಂತ್ರಗಳಿಗೆ ಅವಳ ಹೆಸರೇ ಬಿದ್ದಿತ್ತು.

ಆಮೇಲೆ ಶತ್ರುಗಳು ಕಲಿತುಕೊಂಡರು. ಗಾಯಗೊಂಡವನನ್ನು ಕೊಲ್ಲುವುದನ್ನು ಬಿಟ್ಟರು. ಅವನನ್ನು ಬಯಲಿನಲ್ಲಿ ನರಳಲು ಬಿಟ್ಟು, ಸುತ್ತ ಬಂದೂಕು ಹೂಡಿ ಕಾಯತೊಡಗಿದರು. ಬಡಿತ ಕೇಳಿದರೆ ಅವಳು ಬಂದೇ ಬರುತ್ತಾಳೆ ಎಂಬುದು ಅವರಿಗೂ ಗೊತ್ತಾಗಿತ್ತು. ಸಂಜೆಯ ಸುದ್ದಿಯಲ್ಲಿ ಇಳಿಸಿದವರ ಸಂಖ್ಯೆ ಕಡಿಮೆಯಾಗುತ್ತ, ಬಿದ್ದ ಯಂತ್ರಗಳ ಸಂಖ್ಯೆ ಏರುತ್ತ ಬಂತು. ಅತ್ತೆ ಟಿ.ವಿ. ಮುಂದೆ ಕೂರುವುದನ್ನು ಬಿಟ್ಟರು. ಅಡುಗೆಮನೆಯಿಂದಲೇ ಕೇಳುತ್ತಿದ್ದರು: “ಇವತ್ತ ಎಷ್ಟು ಸಲ ಸತ್ಲಂತ್ರಿ?”

ತಡೆಯಲಾಗಲಿಲ್ಲ. “ಅಕಿನ್ನ ಕರಕೊಂಡು ಬರ್ತೇನಿ” ಎಂದು ಅತ್ತೆಗೆ ಹೇಳಿ ಬೆಂಗಳೂರಿಗೆ ಹೋದೆ. ಪ್ರಯೋಗಾಲಯದ ಕಂಟ್ರೋಲ್ ರೂಮಿನಲ್ಲೇ ಕರ್ನಲ್ ಸಿಕ್ಕರು. ಗೋಡೆಯಗಲದ ನಕ್ಷೆಯ ಮೇಲೆ ಹಸಿರು ಚುಕ್ಕೆಗಳು ಹರಿದಾಡುತ್ತಿದ್ದವು. ಇಷ್ಟೊಂದು ಬಿದ್ದರೂ ಯಾಕೆ ಕಳಿಸುತ್ತೀರಿ ಎಂದು ಕೇಳಿದೆ. ಅವರು ತುಸು ಹೆಮ್ಮೆಯಿಂದಲೇ ವಿವರಿಸಿದರು.

“ಬಿದ್ದಷ್ಟೂ ಹೊಸದು ಬರುತ್ತದೆ, ಬೀಳುವುದರಿಂದಲೂ ಪ್ರಯೋಜನ ಉಂಟು ಮಾರಾಯ್ರೆ. ಅವರು ಗುಂಡು ಹಾರಿಸಿದರೆ ಅವರ ತೋಪು ಎಲ್ಲಿದೆ ಅಂತ ನಮಗೆ ಗೊತ್ತಾಗುತ್ತದೆ. ಮತ್ತೆ ನಾವು ಅಲ್ಲಿಗೆ ಹೊಡೆಯುತ್ತೇವೆ. ಈಗ ಗಾಯಾಳು ಇಲ್ಲದಿದ್ದರೂ ನಾವೇ ಸುಳ್ಳು ಬಡಿತ ಕಳಿಸುವುದು. ಮೇಡಂ ಅವರ ಕೈ ಹೋಗುತ್ತದೆ, ಶತ್ರು ತೋಪು ಹಾರಿಸುತ್ತಾನೆ, ಮುಗಿಯಿತು.”

ಶತ್ರು ಮೋಸ ಮಾಡಿದರೆ ಅದು ಯುದ್ಧ. ಇವರು ಅವಳ ಕಿವಿಯಲ್ಲೇ ಸುಳ್ಳು ಹೇಳಿ ಸಾಯಲು ಕಳಿಸುತ್ತಿದ್ದರು. ಹೊಲಸು ಕೆಲಸವೆಂದು ಮುಖದ ಮೇಲೆಯೇ ಹೇಳಿದೆ.

“ನನ್ನ ಸಹಿ ವಾಪಸ್ ಕೊಡ್ರಿ. ಅಕಿನ್ನ ಕೆಳಗ ಇಳಸ್ರಿ.”

“ಹಾಗೆ ಹೇಳಿದರೆ ಹೇಗೆ? ಅದು ಯಂತ್ರ. ಯಾರೂ ಸಾಯುವುದಿಲ್ಲ.”

“ಪದಕ ಕೊಡೂವಾಗ ಯಂತ್ರ ಅಲ್ಲ, ಅಕಿನ ಅಂದ್ರಿ.”

ಕರ್ನಲ್ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯನಲ್ಲ, ಅದೇ ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. “ನಮ್ಮ ಕಾನೂನಿನವರು ಇದನ್ನೂ ನೋಡಿದ್ದಾರೆ. ಅದು ಯಂತ್ರವಾದರೆ ಸರಕಾರದ ಸೊತ್ತು, ನೀವು ಕೇಳುವ ಹಾಗಿಲ್ಲ. ಮೇಡಂ ಅವರೇ ಆದರೆ, ಅವರು ಸೈನಿಕರು. ಯುದ್ಧ ಮುಗಿಯುವವರೆಗೆ ಸೈನಿಕರನ್ನು ಮನೆಯವರು ವಾಪಸು ಕರೆಯುವ ಹಾಗಿಲ್ಲ.”

ಇಷ್ಟು ಹೇಳಿ ಅವರು ಇನ್ನೊಂದು ಸಭೆಗೆ ಹೋದರು. ನಾನು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಇಂದುಮತಿ ಬಂದು ಪಕ್ಕದಲ್ಲೇ ಕೂತರು. ಬಹಳ ಸೊರಗಿದ್ದರು.

“ಒಂದು ದಾರಿ ಇದೆ ಸಾರ್. ಅವರ ಮೂಲ ಕೈಗವಸು ಇಲ್ಲೇ ಇದೆ. ಹೊರಗಿನ ಎಲ್ಲ ಯಂತ್ರಗಳೂ ಇದರಿಂದಲೇ ಪಾಠ ತಗೊಳ್ಳೋದು. ಅದು ಈಗಲೂ ಕಲಿಯುತ್ತೆ. ಯಾರಾದರೂ ಅದನ್ನ ಹಾಕ್ಕೊಂಡು, ಪೈಲಟ್‌ಗಳ ತರಬೇತಿಗೆ ಇರೋ ನಕಲಿ ಹೆಲಿಕಾಪ್ಟರಿನಲ್ಲಿ ಕೂತು, ನೆಲೆಗೆ ಇಳಿದಾಗ ಕೈ ಸಡಿಲ ಬಿಟ್ರೆ ಸಾಕು. ಹತ್ತಾರು ಸಲ ಹಾಗೆ ಮಾಡಿದ್ರೆ ನೆಲೆಯೇ ಮನೆ ಅಂತ ಅದು ಕಲಿತುಬಿಡುತ್ತೆ. ಆಮೇಲೆ ಯಾವ ಬಡಿತ ಕೇಳಿದ್ರೂ ಅವೆಲ್ಲ ತಿರುಗಿ ಬಂದುಬಿಡ್ತವೆ.”

“ನಿಮ್ಮ ನೌಕರಿ?”

“ಹೋಗಲಿ ಬಿಡಿ. ಇದನ್ನ ದಿನಾ ನೋಡೋದಕ್ಕಿಂತ ವಾಸಿ.”

ಅವರು ಕರೆದೊಯ್ದ ಕೋಣೆಯಲ್ಲಿ ಪೈಲಟ್‌ನ ಕುರ್ಚಿ, ಮುಂದೆ ಪರದೆ, ಕೈಗೆ ಹಿಡಿಕೋಲು. ಬಲಗೈಗೆ ಕೈಗವಸು ತೊಡಿಸಿದರು. ತೊಟ್ಟ ಕೂಡಲೇ ಅದು ನನ್ನ ಬೆರಳುಗಳನ್ನು ಸುತ್ತ ಹಿಡಿಯಿತು. ಗುರುತು ಹಿಡಿಯಲು ನನಗೆ ಯಾವ ಗೆರೆಯೂ ಬೇಕಿರಲಿಲ್ಲ. ರಸ್ತೆ ದಾಟುವಾಗ ಅವಳು ನನ್ನ ಕೈ ಹಿಡಿಯುತ್ತಿದ್ದದ್ದು ಹೀಗೆಯೇ, ಕಿರುಬೆರಳನ್ನು ಒಳಗೆ ಒತ್ತಿಕೊಂಡು. ನಾನು ಜೋರಾಗಿ ಅತ್ತುಬಿಟ್ಟೆ. ಇಂದುಮತಿ ಆ ಕಡೆ ತಿರುಗಿ ನಿಂತರು.

ಪರದೆಯಲ್ಲಿ ನೆಲೆ ಕಾಣಿಸಿತು. ಹೆಲಿಕಾಪ್ಟರ್ ಇಳಿಯಿತು. ನಾನು ಕೈ ಸಡಿಲ ಬಿಟ್ಟೆ. ಅವಳು ಬಿಡಲಿಲ್ಲ. ಎರಡನೆಯ ಸಲವೂ ಬಿಡಲಿಲ್ಲ. ಬಾರೇ, ಸಾಕು, ಬಂದುಬಿಡು, ಎಂದು ಬಾಯಲ್ಲೇ ಹೇಳುತ್ತ ಮತ್ತೆ ಮತ್ತೆ ಇಳಿಸಿದೆ. ಬರಬರುತ್ತ ಬೆರಳ ಸುತ್ತಲಿನ ಹಿಡಿತ ತುಸು ಮೆತ್ತಗಾಯಿತು. ನನ್ನ ಹತ್ತಿರ ಇಷ್ಟು ವರ್ಷ ಆಗದಿದ್ದದ್ದು ಆಗುತ್ತಿತ್ತು.

“ಕಲೀತಾ ಇದೆ,” ಎಂದರು ಇಂದುಮತಿ. “ಇನ್ನೂ ಸ್ವಲ್ಪ ಹೊತ್ತು.”

ಆಗ ಗೋಡೆಯ ಸ್ಪೀಕರಿನಲ್ಲಿ ಬಡಿತ ಕೇಳಿಸಿತು. ಕಂಟ್ರೋಲ್ ರೂಮಿನ ಸದ್ದು ಈ ಕೋಣೆಗೂ ಬರುತ್ತಿತ್ತು. ಯಾರದೋ ನಾಡಿ, ಸಾವಿರಾರು ಮೈಲಿ ದೂರದ ಹಿಮದಲ್ಲಿ. ಬೇಗ ಬೇಗ ಹೊಡೆಯುತ್ತಿತ್ತು, ನಡುವೆ ಒಮ್ಮೊಮ್ಮೆ ತಪ್ಪುತ್ತಿತ್ತು.

“ಇದು ಖರೇನೋ ಸುಳ್ಳೋ?”

“ನನಗೆ ಗೊತ್ತಾಗಲ್ಲ ಸಾರ್. ಸುಳ್ಳು ಕಳಿಸೋರಿಗೆ ಮಾತ್ರ ಗೊತ್ತು. ಹೆಚ್ಚಿನವು ಸುಳ್ಳೇ.”

“ಎಲ್ಲಾನೂ?”

“ಎಲ್ಲಾನೂ ಅಲ್ಲ.”

ಪರದೆಯಲ್ಲಿ ನೆಲೆ ಮತ್ತೆ ಹತ್ತಿರ ಬಂತು. ಕೈಗವಸು ಬಿಗಿಯಿತು. ನಾನು ಸಡಿಲ ಬಿಡಬೇಕಿತ್ತು, ಅಷ್ಟೇ ನನ್ನ ಕೆಲಸ. ನನ್ನ ಕೈಯೂ ಬಿಗಿಯಿತು. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಆ ಬಡಿತ ತಪ್ಪಿದಾಗಲೆಲ್ಲ ನನ್ನ ಬೆರಳುಗಳು ಹಿಡಿಕೋಲನ್ನು ಇನ್ನಷ್ಟು ಒತ್ತುತ್ತಿದ್ದವು. ಯಾರ ಮಗನೋ, ಇದ್ದಾನೋ ಇಲ್ಲವೋ, ಯಾವನಿಗೆ ಗೊತ್ತು. ಅವಳ ಮೇಲೆ ಸಿಟ್ಟು ಬಂತು, ಕರ್ನಲ್ ಮೇಲೆ ಬಂತು, ಆ ಹುಡುಗನ ಮೇಲೆ ಬಂತು. ಎಡಗೈಯಿಂದ ಕೈಗವಸನ್ನು ಎಳೆದು ತೆಗೆದು ಇಂದುಮತಿಯವರ ಕೈಗೆ ಕೊಟ್ಟೆ.

“ಇಷ್ಟು ಕಲಿತದ್ದನ್ನ ಅಳಿಸಿಬಿಡ್ರಿ.”

“ನಿಜವಾಗ್ಲೂ?”

“ಲಗೂನ ಅಳಿಸ್ರಿ. ಅಕಿ ಹೊಂಟಾಳ.”

ಮರುದಿನ ಸಂಜೆ ಧಾರವಾಡ ಮುಟ್ಟಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು.

“ಕರಕೊಂಡು ಬರ್ತೇನಿ ಅಂದಿದ್ರಲ್ರಿ. ಬಂದ್ಲೇನು?”

“ಇಲ್ಲ ಅತ್ತಿ. ಯಾವನೋ ಕರೀಲಿಕತ್ತಿದ್ದ.”

ಅವರು ಇನ್ನೊಂದು ರೊಟ್ಟಿಯನ್ನು ಹಂಚಿಗೆ ಹಾಕಿದರು. ಒಳಗೆ ಹೋಗಿ ಟಿ.ವಿ. ಹಚ್ಚಿದೆ. ಹಿಂದಿನ ದಿನ ದಾಕ್ಷಾಯಣಿ ಯಂತ್ರಗಳು ಆರು ಬಿದ್ದಿದ್ದವು. ಯಾರನ್ನೂ ಇಳಿಸಿರಲಿಲ್ಲ.